ಪ್ಲಗ್ಗಿನ ಮುಖದ ಬಣ್ಣ

ಅರಸೀಕೆರೆ
೧೨ ಫೆಬ್ರವರಿ ೨೦೨೫, ಬುಧವಾರ, ಬೆಳಿಗ್ಗೆ ಹನ್ನೊಂದು

ನನ್ನ ಕೂಸೇ ಅಕ್ಷತಾ,

ಬಣ್ಣ ಅಳಿಸಿ, ಕಿರೀಟ ಕೆಳಗಿಟ್ಟು, ಬರಿ ಮುಖದಲ್ಲಿ ನಿನ್ನ ಸೋದರಮಾವ ಉಗ್ರಪ್ಪ ಮಾಡುವ ಆಶೀರ್ವಾದ. ಬೇಲೂರಿನಲ್ಲಿ ನೀನೂ ನಿನ್ನಮ್ಮ ದ್ರಾಕ್ಷಾಯಣಿ ಅಕ್ಕನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾನೂ ಕ್ಷೇಮ ಎಂದು ಬರೆಯಹೋದೆ, ಪೆನ್ನು ನಿಂತಿತು.

ಫೋನ್ ಬಿಟ್ಟು ಕಾಗದ ಯಾಕೆ ಹಿಡಿದ ಈ ಮುದುಕ ಎಂದು ನಗಬೇಡ. ಫೋನಿನಲ್ಲಾದರೆ ನನ್ನ ಕಂಠ ನನ್ನನ್ನು ಕಾಪಾಡಿಬಿಡುತ್ತದೆ. ಮೂವತ್ತೆಂಟು ವರ್ಷ ರಾಜನ ಪಾತ್ರ ಮಾಡಿದ ಗಂಟಲು ಇದು! ಸುಳ್ಳನ್ನೂ ಎತ್ತರದ ದನಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೀತು. ಕಾಗದದ ಮುಂದೆ ಪ್ರೇಕ್ಷಕರಿಲ್ಲ.

ಹೋದ ವಾರ ನೀನು ನಿನ್ನಣ್ಣ ಇಂದ್ರೇಶನ ನಾಲ್ಕು ಚಕ್ರದ ಕ್ವಾಡ್ ಬೈಕನ್ನು ಪಿಕಪ್ಪಿನಲ್ಲಿ ನನ್ನ ಗ್ಯಾರೇಜಿಗೆ ಕಳಿಸಿದೆ. ಅವನು ತೀರಿಕೊಂಡ ಮೇಲೆ ನಾನು ಎಂಜಿನ್ ಸರಿಮಾಡಿ ಕೊಟ್ಟದ್ದು. ಅಂದಿನಿಂದ ಟಾರ್ಪಾಲಿನಡಿ ಮಲಗಿದ್ದ ಗಾಡಿ. ಬರುವ ಭಾನುವಾರ ಅರೇಹಳ್ಳಿಯ ಎಸ್ಟೇಟಿನ ರೇಸಿನಲ್ಲಿ ಅಣ್ಣನ ಹೆಸರಲ್ಲಿ ಓಡಿಸುತ್ತೇನೆ ಎಂದಿದ್ದೀಯೆ. ಜೊತೆಗೊಂದು ಚೀಟಿ: "ಮಾವ, ಯಾವ ಪ್ಲಗ್ ಹಾಕ್ಬೇಕು? ಪೆಟ್ರೋಲ್‌ಗೆ ಆಯಿಲ್ ಎಷ್ಟು? ಈ ಸಲ ನಾನು ಮರೆಯಲ್ಲ."

ಈ ಸಲ! ಆ ಎರಡು ಮಾತು ಓದಿ ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಅದು ಸುಲಭ. ಟೂ-ಸ್ಟ್ರೋಕ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಎಂದರೆ ಪಾತ್ರಧಾರಿಗೆ ಮುಖವಿದ್ದ ಹಾಗೆ. ಒಳಗಿನದ್ದನ್ನೆಲ್ಲ ಅದು ಬಣ್ಣದಲ್ಲಿ ಹೇಳುತ್ತದೆ. ಬಿಚ್ಚಿ ತುದಿಯ ಪಿಂಗಾಣಿ ನೋಡು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಎಲ್ಲ ಸರಿ. ಕಪ್ಪಗೆ ಜಿಡ್ಡುಗಟ್ಟಿದ್ದರೆ ಪ್ಲಗ್ಗಿಗೆ ಬಿಸಿ ಸಾಲುತ್ತಿಲ್ಲ. ಸುಣ್ಣದಂತೆ ಬಿಳುಚಿದ್ದರೆ ಒಳಗೆ ಬೆಂಕಿ ಮಿತಿಮೀರಿದೆ, ಆ ಕ್ಷಣವೇ ಗಾಡಿ ನಿಲ್ಲಿಸು. ನಾನು ತರಿಸುವ ಪ್ಲಗ್ಗುಗಳಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣಗೆ. ಅಂದರೆ ಬಿಸಿಯನ್ನು ಬೇಗ ಹೊರಗೆ ಸಾಗಿಸುತ್ತದೆ. ಏಳನೇ ನಂಬರ್ ಮೆಲ್ಲಗೆ ಓಡುವ ಗಾಡಿಗೆ. ಇಂದ್ರೇಶ ಹೆಡ್ ಕೊರೆಸಿ, ದೊಡ್ಡ ಸೈಲೆನ್ಸರ್ ಹಾಕಿಸಿ, ಹುಲಿಯನ್ನಾಗಿ ಮಾಡಿದ ಈ ಯಂತ್ರಕ್ಕೆ ಒಂಬತ್ತು. ಒಂಬತ್ತೇ! ಲೀಟರ್ ಪೆಟ್ರೋಲಿಗೆ ಮೂವತ್ತು ಎಂ.ಎಲ್. ಆಯಿಲ್. ರೇಸಿಗೆ ಮುಂಚೆ ಒಂದು ಸುತ್ತು ಪೂರ್ತಿ ವೇಗದಲ್ಲಿ ಓಡಿಸಿ, ಅದೇ ವೇಗದಲ್ಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸು. ಆಗ ಬಿಚ್ಚಿ ಮುಖ ನೋಡು. ಆ ಮುಖ ಸುಳ್ಳು ಹೇಳುವುದಿಲ್ಲ.

ಇನ್ನು ನಾನು ಹೇಳಲಾರದೆ ಉಳಿಸಿಕೊಂಡದ್ದು.

ಶನಿವಾರ ಹೊಸ ಒಂಬತ್ತು ನಂಬರಿನ ಪ್ಲಗ್ ಕೂರಿಸಿದೆ. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇಲ್ಲ. ಕಿಕ್ಕರ್ ಮುಟ್ಟಿಲ್ಲ. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಗ್ಯಾರೇಜಿನಲ್ಲಿ ಸುಟ್ಟ ಆಯಿಲಿನ ಸಿಹಿ ವಾಸನೆ ಎದ್ದಿತು, ಇಂದ್ರೇಶ ಬಂದು ನಿಂತಾಗ ಬರುತ್ತಿದ್ದ ಅದೇ ವಾಸನೆ. ಯಾಕೋ ಪ್ಲಗ್ ಬಿಚ್ಚಿದೆ. ಪಿಂಗಾಣಿ ಸುಣ್ಣದ ಬಿಳಿ. ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಹನಿಗಳು. ಕರಗಿದ ಪಿಸ್ಟನ್ನಿನ ಲೋಹ, ಅಕ್ಷತಾ. ಅಂಥ ಪ್ಲಗ್ಗನ್ನು ನನ್ನ ಜನ್ಮದಲ್ಲಿ ಒಂದೇ ಒಂದು ಸಲ ನೋಡಿದ್ದೆ.

ಪಕ್ಕದ ಟೀ ಅಂಗಡಿಯ ಚನ್ನೇಶ, ನಮ್ಮ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು, ಬಂದು ನೋಡಿ ನಕ್ಕ. "ಏನ್ಲಾ ಉಗ್ರ, ಹಳೇ ಪ್ಲಗ್ಗ ಹೊಸ ಡಬ್ಬೀಲಿ ಇಟ್ಬುಟ್ಟು ಮರ್ತಿದೀಯ. ಡೈಲಾಗು ಮಾತ್ರ ಮರಿಯಾಕಿಲ್ಲ ನೋಡು" ಅಂದ. ಸರಿ, ಸೋಮವಾರ ಅವನೆದುರೇ ಇನ್ನೊಂದು ಡಬ್ಬಿ ಒಡೆದೆ. ನನ್ನ ಬಣ್ಣದ ಪೆಟ್ಟಿಗೆಯ ಕೆಂಪಿನಿಂದ ಅವನೇ ಪ್ಲಗ್ಗಿನ ಮೇಲೊಂದು ಗುರುತು ಹಾಕಿದ. ಬಾಗಿಲಿಗೆ ಬೀಗ ಹಾಕಿ ಕೀಲಿ ಅವನ ಗಲ್ಲಾಪೆಟ್ಟಿಗೆಯಲ್ಲಿಟ್ಟೆ. ಮಂಗಳವಾರ ಹನ್ನೆರಡೂವರೆಗೆ ಇಬ್ಬರೂ ಸೇರಿ ಬಿಚ್ಚಿದೆವು. ಅವನ ಗುರುತು ಹಾಗೇ ಇತ್ತು. ಅದರ ಕೆಳಗೆ ಅದೇ ಬಿಳುಪು, ಅದೇ ಬೆಳ್ಳಿ ಹನಿ. ಚನ್ನೇಶ ಟೀ ಲೋಟ ಮೆಲ್ಲಗೆ ಕೆಳಗಿಟ್ಟ. "ನಾಳಿಂದ ಟೀ ಹೊಸ್ಲಾಚೆನೇ ಇಡ್ತೀನಿ ಕಣೋ. ನಿಂಗೂ ಅವ್ನಿಗೂ ಏನೋ ಮಾತು ಬಾಕಿ ಐತೆ. ಆಡಿ ಮುಗ್ಸು" ಅಂದವನು ತಿರುಗಿಯೂ ನೋಡದೆ ಹೋದ.

ಆಡಿ ಮುಗಿಸುತ್ತೇನೆ.

ಮೂರು ವರ್ಷದ ಹಿಂದಿನ ಏಪ್ರಿಲ್. ಗಂಡಸಿಯಲ್ಲಿ ನಮ್ಮ ನಾಟಕ. ರಾಜ ಯುದ್ಧಕ್ಕೆ ಹೊರಡುವ ದೃಶ್ಯಕ್ಕೆ ಕ್ವಾಡ್ ಸುತ್ತ ರಟ್ಟಿನ ರಥ ಕಟ್ಟಿ, ಇಂದ್ರೇಶನನ್ನು ಸಾರಥಿ ಮಾಡಿ ಕೂರಿಸಿದ್ದೆ. ಹಿಂದೆ ನಿಂತು ಏಳು ನಿಮಿಷದ ಮಾತು ನನ್ನದು. ಅಷ್ಟು ಹೊತ್ತೂ ಎಂಜಿನ್ ಗುಡುಗುಡು ಎನ್ನುತ್ತಿರಬೇಕು. ರಿಹರ್ಸಲ್ಲಿನಲ್ಲಿ ಏನಾಯಿತು? ಒಂಬತ್ತು ನಂಬರಿನ ತಣ್ಣನೆಯ ಪ್ಲಗ್ಗು, ನಿಂತಲ್ಲೇ ಮೆಲ್ಲಗೆ ಓಡಿದ ಎಂಜಿನ್ನು. ಪ್ಲಗ್ ಜಿಡ್ಡುಗಟ್ಟಿ, ನಾನು "ಎಲೈ ಶತ್ರುವೇ" ಎನ್ನುವಷ್ಟರಲ್ಲಿ ರಥ ಕೆಮ್ಮಿ ಸತ್ತಿತು. ಕೆಳಗಿನಿಂದ ಯಾರೋ "ರಾಜ್ರೇ, ತಳ್ಳಣ್ವಾ?" ಎಂದು ಕೂಗಿದರು. ಊರೆಲ್ಲ ನಕ್ಕಿತು. ಮೂವತ್ತೈದು ವರ್ಷದಲ್ಲಿ ನನ್ನನ್ನು ನೋಡಿ ಯಾರೂ ಹಾಗೆ ನಕ್ಕಿರಲಿಲ್ಲ.

ಅದಕ್ಕೇ ನಾಟಕದ ದಿನ ಒಂಬತ್ತು ತೆಗೆದು ಏಳು ಹಾಕಿದೆ. ಬಿಸಿ ಪ್ಲಗ್ಗಿಗೆ ಜಿಡ್ಡು ಕೂರುವುದಿಲ್ಲ. ರಥ ಗುಡುಗಿತು! ನಾನೂ ಗುಡುಗಿದೆ! ಹಾರ, ಶಾಲು, ಶಿಳ್ಳೆ. ಆ ಗದ್ದಲದಲ್ಲಿ ಒಂಬತ್ತನ್ನು ವಾಪಸ್ ಹಾಕುವುದು ಮರೆತೆ. ಇಂದ್ರೇಶ ಗಾಡಿಯನ್ನು ಪಿಕಪ್ಪಿಗೆ ಏರಿಸಿಕೊಂಡು ಹೋದ. ಮರುದಿನ ಜಾವಗಲ್ಲಿನ ಒಣಕೆರೆಯ ಅಂಗಳದ ರೇಸಿನಲ್ಲಿ ನೀನು ಕ್ಯಾನಿನಿಂದ ಪೆಟ್ರೋಲ್ ಹಾಕಿದೆ. ಅವನು ಪೂರ್ತಿ ವೇಗ ಕೊಟ್ಟ. ಮಧ್ಯಾಹ್ನ ಹನ್ನೆರಡೂವರೆಗೆ ಎಂಜಿನ್ ಹಿಡಿದುಕೊಂಡು, ಚಕ್ರ ಕಚ್ಚಿ, ಗಾಡಿ ಮಗುಚಿತು.

ಆ ಎಂಜಿನ್ನನ್ನು ಬಿಚ್ಚಿದವನು ನಾನೊಬ್ಬನೇ. ಆಯಿಲ್ ಬೆರೆಸದಿದ್ದರೆ ಪಿಸ್ಟನ್ನಿನ ಮೈ ಉದ್ದಕ್ಕೂ ಗೀರು ಬೀಳಬೇಕು. ಒಂದು ಗೀರೂ ಇರಲಿಲ್ಲ, ಕೂಸೇ. ಮೈಯೆಲ್ಲ ಆಯಿಲಿನಿಂದ ಹೊಳೆಯುತ್ತಿತ್ತು. ನೆತ್ತಿಯಲ್ಲಿ ಮಾತ್ರ ತೂತು, ಏಳು ನಂಬರಿನ ಪ್ಲಗ್ ಸುಟ್ಟು ಕೊರೆದ ತೂತು. ಅಲ್ಲಿ ಕರಗಿದ ಲೋಹ ಒಳಗೆ ಸಿಕ್ಕಿಕೊಂಡು ಎಂಜಿನ್ ಹಿಡಿದಿತ್ತು. ನೀನು ಆಯಿಲ್ ಬೆರೆಸಿದ್ದೆ. ಸರಿಯಾಗಿ ಬೆರೆಸಿದ್ದೆ.

ಅದನ್ನು ಕಣ್ಣಾರೆ ಕಂಡ ಮೇಲೂ, ಮೂರನೇ ದಿನ ನಿಮ್ಮ ಮನೆಯ ಜಗಲಿಯಲ್ಲಿ ಎಲ್ಲರೆದುರು ನಾನೇನು ಅಂದೆ? "ಪೆಟ್ರೋಲ್‌ಗೆ ಆಯಿಲ್ ಬಿದ್ದಿಲ್ಲ ಕಣ್ರಪ್ಪ." ನೀನು ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೆನಪಿದೆಯೇ? ನೀನು ಇಲ್ಲ ಎನ್ನಲಿಲ್ಲ. ಹಾಕಿದ್ದೆನೋ ಇಲ್ಲವೋ ಎಂದು ನಿನಗೇ ಅನುಮಾನ ಬಂದುಬಿಟ್ಟಿತು. ಅಷ್ಟು ಗಟ್ಟಿಯಾಗಿತ್ತು ನನ್ನ ದನಿ. ಅಂದಿನಿಂದ ಅಕ್ಕ ನಿನ್ನ ಕೈಯಿಂದ ಲೋಟ ತೆಗೆದುಕೊಳ್ಳುವ ಮುಂಚೆ ಒಂದು ಗಳಿಗೆ ತಡೆಯುತ್ತಾಳೆ. ಬಂದಾಗೆಲ್ಲ ಅದನ್ನು ನೋಡಿದ್ದೇನೆ. ನೋಡಿ, ಹೋಳಿಗೆ ತಿಂದು, ಬಸ್ಸು ಹತ್ತಿದ್ದೇನೆ.

ಇನ್ನು ಆಗದು. ಕಾಗದವನ್ನೂ ಇವತ್ತು ಬೆಳಿಗ್ಗೆ ಕೂರಿಸಿದ ಹೊಸ ಪ್ಲಗ್ಗನ್ನೂ ನಾಳೆ ಬೆಳಿಗ್ಗೆ ಚನ್ನೇಶ ತಂದುಕೊಡುತ್ತಾನೆ. ಅಕ್ಕನಿಗೆ ಓದಿ ಹೇಳು. ಶನಿವಾರ ಗಾಡಿಯ ಜೊತೆ ನಾನೂ ಬರುತ್ತೇನೆ. ಅದೇ ಜಗಲಿಯಲ್ಲಿ, ಅಂದು ಕೂತಿದ್ದವರನ್ನೆಲ್ಲ ಕರೆಸಿ, ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ಅಕ್ಕ ಹೊಸಿಲು ದಾಟಬೇಡ ಎಂದರೆ ದಾಟುವುದಿಲ್ಲ.

ನಿನ್ನ ಕ್ಷಮೆ ಕೇಳುವ ಬಾಯಿಯೂ ಇಲ್ಲದ,
ನಿನ್ನ ಮಾವ
ಉಗ್ರಪ್ಪ

ಮರೆತದ್ದು: ಇಲ್ಲ. ಮರೆತದ್ದಲ್ಲ, ಮುಚ್ಚಿಟ್ಟದ್ದು. ರುಜು ಹಾಕಿ ಎದ್ದಾಗ ಹನ್ನೆರಡೂವರೆ. ಎಲ್ಲ ಹೇಳಿದೆನಲ್ಲ, ಇಂದ್ರೇಶ ಇನ್ನು ತಣ್ಣಗಾಗಿರುತ್ತಾನೆ ಎಂದುಕೊಂಡು, ಬೆಳಿಗ್ಗೆ ಹಾಕಿದ್ದ ಹೊಸ ಪ್ಲಗ್ ಬಿಚ್ಚಿದೆ. ಬಿಳಿ. ಹಾಗೇ ಬಿಳಿ. ಯಾಕೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಪ್ಲಗ್ಗನ್ನು ವಾಪಸ್ ಕೂರಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ನಾನು ಮರೆತಿರಲಿಲ್ಲ, ಅಕ್ಷತಾ. ಪಿಕಪ್ ಹತ್ತುವ ಮುಂಚೆ ಅವನು ಕೇಳಿದ್ದ: "ಮಾವ, ಒಂಬತ್ತು ವಾಪಸ್ ಹಾಕಿದೀಯ ತಾನೆ?" ನನ್ನ ಸುತ್ತ ಜನ, ಕೊರಳಲ್ಲಿ ಹಾರ, ತಲೆಯ ಮೇಲೆ ಕಿರೀಟ. ಬಗ್ಗಿ ಪಾನಾ ಹಿಡಿಯಲು ನಾಚಿಕೆಯಾಯಿತು. ಕೈಯೆತ್ತಿ, ರಾಜನ ದನಿಯಲ್ಲೇ ಅಂದೆ: "ಆಗಿದೆ, ಸಾರಥಿ! ನಿಶ್ಚಿಂತೆಯಿಂದ ತೆರಳು!" ಜನ ಚಪ್ಪಾಳೆ ತಟ್ಟಿದರು. ಅವನು ಸಾರಥಿಯ ಹಾಗೇ ನಡು ಬಗ್ಗಿಸಿ ಕೈಮುಗಿದು ಹೋದ.

ಈಗ ಇನ್ನೊಮ್ಮೆ ಬಿಚ್ಚಿ ನೋಡಿದೆ. ಅದೇ ಪ್ಲಗ್. ಹಾಲು ಬೆರೆಸಿದ ಕಾಫಿಯ ಬಣ್ಣ. ಅದನ್ನೇ ಕಳಿಸುತ್ತಿದ್ದೇನೆ. ಬಟ್ಟೆಯಲ್ಲಿ ಸುತ್ತಿರುವುದು ಯಾಕೆಂದರೆ, ಬಿಚ್ಚುವಾಗ ನನ್ನ ಬೆರಳು ಸುಟ್ಟಿತು.