ನನ್ನನ್ನು ಕಬ್ಬಿಣವೆಂದೂ ನನ್ನ ಹೆಂಡತಿಯನ್ನು ಈರುಳ್ಳಿಯೆಂದೂ ಎಣಿಸಿದ ಬಗ್ಗೆ

ಹಳೇ ಕೂಲಿಯ ಲೆಕ್ಕ ಹಾಕುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಮೂವತ್ತು ವರ್ಷದ ಹಿಂದೆ ಗಾರೆ ಮೇಸ್ತ್ರಿಯಾಗಿದ್ದ ನನಗಿಂತ, ನನಗೆ ಗಾರೆ ಕಲಸಿ ಕೊಡುತ್ತಿದ್ದ ನನ್ನ ಹೆಂಡತಿಗೇ ಹೆಚ್ಚು ಕೂಲಿ ಇತ್ತೆಂದು ತಾವು ತೀರ್ಮಾನಿಸಿದ್ದೀರಿ. ಆ ನೋಟಿಸು ಮೊನ್ನೆ ಕೈಸೇರಿತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪಿಂಚಣಿಯಲ್ಲಿ ಮಾತ್ರ ಮುರಿದುಕೊಳ್ಳಬೇಡಿ.

ಹಳೇ ಕೂಲಿಗೆ ತಕ್ಕಂತೆ ಪಿಂಚಣಿ ಎಂದಿರಿ, ಸಂತೋಷ. ಹಳೇ ಕೂಲಿಯ ದಾಖಲೆ ಯಾರ ಹತ್ತಿರವೂ ಇಲ್ಲವೆಂದು, ಇಂದಿನ ಕೂಲಿಯನ್ನು ಹಿಡಿದು, ಬೆಲೆ ಎಷ್ಟು ಪಟ್ಟು ಏರಿದೆಯೋ ಅಷ್ಟರಿಂದ ಭಾಗಿಸಿದಿರಿ. ಅದೂ ಸರಿಯೇ ಇರಬಹುದು, ಓದಿದವರು. ಆದರೆ ನನ್ನ ಕೂಲಿಗೆ ಕಟ್ಟಡ ವೆಚ್ಚದ ಸೂಚ್ಯಂಕ, ಅವಳದಕ್ಕೆ ದಿನಸಿ ಬೆಲೆಯ ಸೂಚ್ಯಂಕ, ಇದು ಯಾವ ನ್ಯಾಯ? ಸಿಮೆಂಟು, ಕಬ್ಬಿಣ ಆಕಾಶಕ್ಕೇರಿದವೆಂದು ನನ್ನ ಹಳೇ ಕೂಲಿ ಪಾತಾಳಕ್ಕಿಳಿಯಿತು. ಈರುಳ್ಳಿ ಅಷ್ಟು ಏರಲಿಲ್ಲವೆಂದು ಅವಳು ನನ್ನ ತಲೆ ಮೇಲೆ ನಿಂತಳು. ನಾನೇನು ಕಬ್ಬಿಣ ತಿಂದು ಬದುಕಿದವನೇ, ಮಾನ್ಯರೇ?

ನೋಟಿಸು ಓದಿದ ಅಳಿಯ, "ಏನ್ ಮಾವ, ಅತ್ತೆ ಹತ್ರ ಕೆಲಸಕ್ಕಿದ್ರಾ? ಹೇಳ್ಲೇ ಇಲ್ಲ!" ಎಂದ. ಹೆಂಡತಿಯಾದರೂ ಇದು ತಪ್ಪೆನ್ನುತ್ತಾಳೆಂದು ಅವಳ ಮುಖ ನೋಡಿದೆ.

"ಸರಿಯಾಗೇ ಇದೆ," ಎಂದಳು. "ನೀವು ಒಂದು ಇಟ್ಟಿಗೆ ಇಟ್ಟು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡೋ ಹೊತ್ತಿಗೆ ನಾನು ಬಾಂಡ್ಲಿ ಹೊತ್ಕೊಂಡು ಏಣಿ ಹತ್ತಿ ಇಳಿದು ಮತ್ತೆ ಹತ್ತಿರ್ತಿದ್ದೆ."

ತಮ್ಮ ಕೌಂಟರಿಗೂ ಇಬ್ಬರೂ ಬಂದೆವು. "ತಕರಾರು ಹಾಕಿ ಯಜಮಾನ್ರೇ," ಎಂದರು ಗುಮಾಸ್ತರು. "ಇಬ್ಬರಿಗೂ ಒಂದೇ ಸೂಚ್ಯಂಕ ಹಾಕ್ತೀವಿ. ಯಾವುದು ಅಂತ ಸಾಹೇಬ್ರ ಇಷ್ಟ."

ನನ್ನ ಭಯ ಇರುವುದೇ ಇಲ್ಲಿ. ದಿನಸಿಯದಾದರೆ ನನ್ನದು ಏರುತ್ತದೆ. ಕಟ್ಟಡದ್ದಾದರೆ ನನಗೆ ನಯಾಪೈಸೆ ಏರದು, ಅವಳದು ಇಳಿಯುತ್ತದೆ. ಅದನ್ನು ಮನೆಯಲ್ಲಿ ವಿವರಿಸಲು ತಾವು ಬರುತ್ತೀರಾ?

"ಆಗ ನನಗೆ ನಿಮ್ಮದರ ಅರ್ಧ ಕೂಲಿ ಕೊಟ್ರು, ಯಾರೂ ತಕರಾರು ಹಾಕ್ಲಿಲ್ಲ," ಎಂದಳು ದಾರಿಯಲ್ಲಿ. "ಈಗ ಯಾರೋ ಪುಣ್ಯಾತ್ಮರು ತಪ್ಪಾಗಿ ಜಾಸ್ತಿ ಬರೆದ್ರೆ ನಿಮಗ್ಯಾಕ್ರೀ ಉರಿ?"

ಮನೆಗೆ ಬಂದವನೇ ಈ ಪತ್ರ ಬರೆಯಲು ಕೂತೆ. ಹಾಗಾಗಿ ಕೇಳುವುದಿಷ್ಟೇ: ಇಬ್ಬರಿಗೂ ದಿನಸಿ ಸೂಚ್ಯಂಕವನ್ನೇ ಹಾಕಿ. ಆಗದು, ಕಟ್ಟಡದ್ದೇ ಹಾಕಬೇಕೆಂದಾದರೆ, ಈ ಪತ್ರ ತಮಗೆ ತಲುಪಲೇ ಇಲ್ಲವೆಂದುಕೊಳ್ಳಿ. ಅವಳದು ಇದ್ದಂತೆಯೇ ಇರಲಿ.

ಇಂತಿ,
ಸದ್ಯಕ್ಕೆ ಮನೆಯೊಳಗೇ ಊಟ ಮಾಡುತ್ತಿರುವ
ಒಬ್ಬ ಗಾರೆ ಮೇಸ್ತ್ರಿ