ಅಪ್ಪನ ಎಡೆಗೆ ಎಳ್ಳುಂಡೆ

ಒಂಟಿಕೊಪ್ಪಲ್, ಮಹಾಲಯ ಅಮಾವಾಸ್ಯೆ, 1958

ಚಿರಂಜೀವಿ ನಿಂಗರಾಜುವಿಗೆ ಅಕ್ಕನ ಆಶೀರ್ವಾದ. ನೀನು, ಕಮಲಾಕ್ಷಿ, ಪುಟ್ಟ ಶೇಖರ ಎಲ್ಲರೂ ಕ್ಷೇಮವೇ? ನಿನ್ನ ವಿಳಾಸ ಗೊತ್ತಿಲ್ಲ, ನಿನ್ನ ಪುಸ್ತಕದಲ್ಲಿದ್ದ ಪ್ರಕಾಶಕರ ವಿಳಾಸಕ್ಕೇ ಬರೆಯುತ್ತಿದ್ದೇನೆ.

ಹುಡುಗರಿಗೆಂದು ನೀನು ಬರೆಯುವ ಮಾಯಾಲೋಕದ ಕಥಾಮಾಲೆಯ ಹೊಸ ಭಾಗವನ್ನು ಅವ್ವನಿಗೆ ಓದಿ ಹೇಳಿದೆ. ಅದರಲ್ಲಿ ರಾಜಕುಮಾರ ಬೆಂಕಿಯ ಬೆಟ್ಟ ಹತ್ತಿ, ಸತ್ತ ತಂದೆಗೆ ಇಷ್ಟವಾದ ಎಳ್ಳುಂಡೆ ಒಯ್ಯುತ್ತಾನೆ. ಚೆನ್ನಾಗಿ ಅಳಿಸಿದ್ದೀಯಪ್ಪ. ನಮ್ಮಪ್ಪನ ಮಣ್ಣಿಗೂ ನೀನು ಬರಲಿಲ್ಲ, ತಿಥಿಗೂ ಬರಲಿಲ್ಲ.

ಇವತ್ತು ಹಿರಿಯರಿಗೆ ಎಡೆ ಇಡುವ ದಿನವಲ್ಲವೇ? ಅಪ್ಪನಿಗೆ ಪ್ರಾಣವಾಗಿದ್ದ ಹುರುಳಿ ಬಸ್ಸಾರನ್ನು ಬದಿಗೆ ಸರಿಸಿ, ಅವ್ವ ಎಲೆಯ ನಡುವೆ ಎಳ್ಳುಂಡೆ ಇಟ್ಟಳು.

“ಅಪ್ಪ ಅದನ್ನ ಮುಟ್ತಾನೇ ಇರ್ಲಿಲ್ಲ ಕಣವ್ವ. ಇಷ್ಟು ವರ್ಷ ಬಡಿಸಿದೋಳು ನೀನೇ ಅಲ್ವಾ?” ಎಂದೆ.

“ಮಗ ಬರ್ದವ್ನೆ. ನಿಮ್ಮಪ್ಪ ಕನ್ಸಲ್ಲಿ ಬಂದು ಅವ್ನತ್ರ ಕೇಳಿರ್ಬೇಕು. ನೀ ಸುಮ್ಕಿರು,” ಎಂದು ನನ್ನ ಮೇಲೇ ರೇಗಿದಳು.

ಎಳ್ಳುಂಡೆ ಇಷ್ಟವಿದ್ದದ್ದು ನಿನಗೆ. ಅದನ್ನು ಅವಳಿಗೆ ಹೇಳಲಿಲ್ಲ. ಅಪ್ಪನ ವಿಷಯದಲ್ಲಿ ಹತ್ತಿರವಿದ್ದ ನನ್ನ ಮಾತಿಗಿಂತ ದೂರವಿದ್ದ ನಿನ್ನ ಪುಸ್ತಕವೇ ಅವಳಿಗೆ ನಿಜ.

ಊಟವಾದ ಮೇಲೆ ಅವ್ವ ಕೇಳಿದಳು: “ಮುಂದಿನ ಭಾಗದಲ್ಲಿ ಆ ಹುಡ್ಗ ಅವರವ್ವನತ್ರ ಬತ್ತನಾ?”

ನನಗೇನು ಗೊತ್ತು? ಅದನ್ನಾದರೂ ಬೇಗ ಬರೆದು ತಿಳಿಸು.