ಯಾವ ಸ್ವಾಮಿಗಳು ಎಂದು ಕೇಳಿದ್ದೆ

ಸ್ಯಾನ್ ಮಟಿಯೋ
ಶನಿವಾರ, ೧೧ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮಾ,

ಸರ್ವೇಶ್ವರನಿಗೆ ಸ್ತೋತ್ರ. ನಸೀಮಾಳ ಹೆಸರನ್ನು ಬಿಟ್ಟೇ ಈ ಪತ್ರ ಮುಗಿಸಬೇಕೆಂದಿದ್ದೆ. ಹಾಗೆ ಒಂದು ಬರೆದೂ ಇದ್ದೆ. ಓದಿ ನೋಡಿದರೆ ನಿನ್ನಿಂದ ತಪ್ಪಿಸಿಕೊಳ್ಳಲು ಹೇಳಿದ ಸಬೂಬಿನ ಹಾಗಿತ್ತು. ಹರಿದು ಹಾಕಿ ಮತ್ತೆ ಕೂತಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಚರ್ಚಿನ ಬೆಳಗಿನ ಪೂಜೆಗೆ ಈಗ ಆಟೋದಲ್ಲಿ ಹೋಗುತ್ತೀಯಂತೆ, ಅಣ್ಣ ಹೇಳಿದ. ಒಳ್ಳೆಯದಾಯಿತು. ಮೊಣಕಾಲೂರಿ ಕೂರಬೇಡ, ಬೆಂಚಿನ ಮೇಲೆ ಕೂತು ಮಾಡಿದ ಜಪಸರವೂ ಮಾತೆಗೆ ಮುಟ್ಟುತ್ತದೆ. ನನ್ನ ಹೊಲಿಗೆ ಮಾಗಿದೆ. ಆಫೀಸಿಗೆ ಹೋಗುತ್ತಿದ್ದೇನೆ. ಮಧುಕರ್ ಊಟ ಮಾಡುತ್ತಾರೆ, ಆದರೆ ತಟ್ಟೆಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಅವರು ಮೆನ್ಲೋ ಪಾರ್ಕಿನ ಆಫೀಸಿಗೆ ಫ್ರೀವೇ ಬಿಟ್ಟು ಸುತ್ತು ದಾರಿಯಲ್ಲಿ ಹೋಗುತ್ತಾರೆ. ಆಸ್ಪತ್ರೆ ಫ್ರೀವೇಗೆ ಕಾಣುತ್ತದೆ.

ಜುಲೈನಲ್ಲಿ ಮಗು ಹೋದ ಸುದ್ದಿಯನ್ನು ಅಣ್ಣ ನಿನಗೆ ಮುಟ್ಟಿಸಿದಾಗ ನೀನು ಅವನ ಬಾಯಲ್ಲಿ ಕೇಳಿಸಿದ್ದು ಒಂದೇ ಮಾತು. ಜ್ಞಾನಸ್ನಾನ ಆಯ್ತಾ? ಆಯಿತು ಎಂದೆ. ಮಾರನೆಯ ದಿನ ಇನ್ನೊಂದು ಪ್ರಶ್ನೆ ಬಂತು. ಯಾವ ಸ್ವಾಮಿಗಳು? ಕೊಟ್ಟ ಪಾದ್ರಿ ಯಾರು ಎಂದು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ನನಗೆ ಕೋಪ ಬಂದಿತ್ತಮ್ಮಾ. ನೀನು ಹೇಗಿದ್ದೀಯ ಮಗಳೇ ಎಂದು ಕೇಳಿದ ಮೇಲೆ ಅದನ್ನು ಕೇಳಬಹುದಿತ್ತಲ್ಲ ಅನಿಸಿತು. ಆಮೇಲೆ ಯೋಚಿಸಿದೆ. ನರ್ಸಾಗಿದ್ದಾಗ ವಾರ್ಡಿನಲ್ಲಿ ಕೂಸು ನೀಲಿಯಾಗುತ್ತಿದ್ದರೆ, ಎಲ್ಲರ ಮಗ್ದಲೇನ ಸಿಸ್ಟರ್ ಆದ ನೀನು ಮೊದಲು ಓಡುತ್ತಿದ್ದದ್ದು ಕೂಸಿನ ಹತ್ತಿರ, ತಾಯಿಯ ಹತ್ತಿರವಲ್ಲ. ಇಲ್ಲೂ ನೀನು ಹಾಗೇ ಓಡಿದೆಯೇನೋ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಕೆಲವು ದಿನ ನಂಬುತ್ತೇನೆ.

ಐವಿಎಫ್ ಎಂದು ತಿಳಿದಾಗ ನೀನು ಆಡಿದ ಮಾತು ಮರೆತಿಲ್ಲ. "ಮಗು ದೇವರು ಕೊಡೋದು ಕಣೇ, ಲ್ಯಾಬಿನವರು ಮಾಡೋದಲ್ಲ. ಉಳಿದ ಕೂಸುಗಳನ್ನ ಫ್ರಿಜ್ಜಲ್ಲಿ ಇಟ್ಟು ನಿದ್ದೆ ಹೇಗೆ ಬರುತ್ತೆ ನಿಂಗೆ?" ಅಂದು ಇಟ್ಟ ಫೋನನ್ನು ನೀನು ಮತ್ತೆ ಎತ್ತಲಿಲ್ಲ. ನಿನ್ನ ಮಾತಿನಲ್ಲಿ ಏನೂ ಇಲ್ಲ ಎಂದು ನಾನು ಹೇಳಲಾರೆ. ಕೆಲಸದಲ್ಲಿ ಎಲ್ಲದಕ್ಕೂ ಪುರಾವೆ ಕೇಳುವವಳು ನಾನು. ಆದರೂ ಉಳಿದ ಭ್ರೂಣಗಳನ್ನು ಏನು ಮಾಡೋಣ ಎಂದು ಕ್ಲಿನಿಕ್ಕಿನವರು ಕೇಳಿದಾಗೆಲ್ಲ ಮಾತು ಬದಲಿಸುತ್ತೇನೆ. ನೀನು ಅವುಗಳನ್ನು ಕೂಸುಗಳು ಎಂದೆ. ನನಗೆ ಅಷ್ಟು ಖಚಿತವಿಲ್ಲ, ಅಲ್ಲ ಎನ್ನುವಷ್ಟು ಖಚಿತವೂ ಇಲ್ಲ. ಆದರೆ ಲ್ಯಾಬಿನಿಂದ ನನ್ನೊಳಗೆ ಬಂದವಳು ಒದೆಯುತ್ತಿದ್ದಳಮ್ಮಾ. ಸಾರಿನ ಒಗ್ಗರಣೆ ಸಿಡಿದರೆ ಬೆಚ್ಚುತ್ತಿದ್ದಳು. ಅವಳನ್ನು ದೇವರು ಕೊಡಲಿಲ್ಲ ಎಂದು ಮಾತ್ರ ನನ್ನಿಂದ ಹೇಳಿಸಬೇಡ.

ಈಗ ನಸೀಮಾ. ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯವಳು, ಹುಬ್ಬಳ್ಳಿಯವಳು. ಕ್ರಿಸ್ಮಸ್ಸಿಗೆ ಅವಳಿಗೆಂದೇ ರಮ್ಮಿಲ್ಲದ ಪುಟ್ಟ ಕೇಕು ಮಾಡುತ್ತೇನೆ. "ಚಮಚಾ ಬ್ಯಾರೆ ಇಟ್ಟಿದ್ರೋ ಇಲ್ಲೋ? ನಿಮ್ಮ ಕೇಕಿನ ಸಲುವಾಗಿ ನಾ ನರಕಕ್ಕ ಹೋಗಾಂಗಿಲ್ಲ ನೋಡ್ರಿ" ಎಂದು ನಗಿಸಿಯೇ ತಿನ್ನುತ್ತಾಳೆ. ಒಮ್ಮೆ ಚಹಾ ಕುಡಿಯುತ್ತಾ ನಿನ್ನ ಕಥೆ ಹೇಳಿದ್ದೆ. ಉಳಿಯುವುದಿಲ್ಲ ಎಂದು ಡಾಕ್ಟರು ಕೈಬಿಟ್ಟ ಕೂಸುಗಳ ತಲೆಯನ್ನು ನೀನು ಒರೆಸುವ ಹಾಗೆ ಒದ್ದೆ ಹತ್ತಿಯಿಂದ ನೀರು ಹಿಂಡಿ, ತುಟಿಯೊಳಗೇ ಮಂತ್ರ ಹೇಳಿ ಜ್ಞಾನಸ್ನಾನ ಕೊಡುತ್ತಿದ್ದದ್ದು. ಅದಿಲ್ಲದ ಕೂಸು ಸ್ವರ್ಗದ ಹೊಸ್ತಿಲ ಹೊರಗೇ ಉಳಿಯುತ್ತದೆಂದು ನೀನು ನಂಬಿದ್ದು. ಹಿಂದೂಗಳದೋ ಮುಸ್ಲಿಮರದೋ ಎಂದು ನೋಡದೆ ಎಲ್ಲ ಕೂಸಿಗೂ ಕೊಟ್ಟದ್ದು. ನಿನ್ನ ಕರುಣೆಯ ಕಥೆ ಎಂದೇ ಹೇಳಿದೆ. ಅವಳು ಲೋಟ ಕೆಳಗಿಟ್ಟು ಕೇಳಿದಳು, "ಆ ತಾಯಂದಿರನ್ನ ಕೇಳ್ತಿದ್ರೇನ್ರಿ ನಿಮ್ಮ ಅಮ್ಮಾರು?" ಚಿಕ್ಕಂದಿನಿಂದ ಆ ಕಥೆ ಕೇಳಿ ಬೆಳೆದವಳು ನಾನು. ಆ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ.

ಜುಲೈನ ಆ ದಿನ ನಮ್ಮನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದವಳು ಅವಳೇ. ಮಧುಕರ್ ಕಾರಿನ ಕೀಲಿ ಅವಳ ಕೈಗೆ ಕೊಟ್ಟು ಹಿಂದೆ ನನ್ನ ಪಕ್ಕ ಕೂತರು. ಐದೂವರೆ ತಿಂಗಳಿಗೇ ಹೊಟ್ಟೆ ಕೊಯ್ದು ತೆಗೆದರು. ಮಗುವನ್ನು ಬೇರೆ ಮಹಡಿಗೆ ಒಯ್ದರು. ಸೊಂಟದಿಂದ ಕೆಳಗೆ ಮರಗಟ್ಟಿ ನಾನು ಮಲಗಿದ್ದೆ. ಸಂಜೆ ದಾಟುವುದಿಲ್ಲ ಎಂದರು. ಸ್ವಾಮಿಗಳಿಗೆ ಫೋನು ಮಾಡಿದ್ದರು, ಅವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಮಧುಕರ್ ಮಗುವಿನ ಹತ್ತಿರದಿಂದ ಅಲುಗಲಿಲ್ಲ. ನಸೀಮಾ ನನ್ನ ಬಳಿ ಓಡಿ ಬಂದು ಕಿವಿಯ ಹತ್ತಿರ ಬಗ್ಗಿದಳು. "ಅಕ್ಕಾ, ಸ್ವಾಮಿಗೋಳು ಬರೂತನಕ ಕೂಸು ಕಾಯಾಂಗಿಲ್ಲ. ನಿಮ್ಮ ಅಮ್ಮಾರು ಮಾಡ್ತಿದ್ರಲ್ಲ, ಅದನ್ನ ನಾ ಮಾಡ್ಲೇನು? ನನ್ನ ಕೈಲೆ ಮಾಡಿದ್ರ ನಡೀತದೇನು?"

ನಡೆಯುತ್ತದೆ ಎಂದು ನನಗೆ ಕಲಿಸಿದವಳು ನೀನು. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ಕ್ರೈಸ್ತರೇ ಆಗಬೇಕಿಲ್ಲ. ನೀರು, ಮಾತು, ಮನಸ್ಸು ಮೂರಿದ್ದರೆ ಸಾಕು ಎಂದು ಬೇಸಿಗೆ ರಜೆಯ ಉಪದೇಶದ ತರಗತಿಯಲ್ಲಿ ಉರು ಹೊಡೆಸಿದ್ದೆ. ಶಾಲೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿತ ನನಗೆ ಅದೊಂದು ಕನ್ನಡದಲ್ಲೇ ಬಂತು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದು ಹೇಳಿಕೊಟ್ಟೆ. ಸುತನ ಎಂಬಲ್ಲಿ ಅವಳು ಕಣ್ಣು ಮುಚ್ಚಿದಳು. ದೇವರಿಗೆ ಮಗನಿದ್ದಾನೆ ಎನ್ನುವುದು ಅವಳ ನಾಲಿಗೆ ಆಡಬಾರದ ಮಾತು. ಮೂರು ಸಲ ನನ್ನಿಂದ ಹೇಳಿಸಿಕೊಂಡು ಹೋದಳು. ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯಲ್ಲಿ ಕೈ ತೂರಿಸಿ, ನರ್ಸು ಕೊಟ್ಟ ನೀರನ್ನು ನಿಂಬೆಹಣ್ಣಿನಷ್ಟು ತಲೆಯ ಮೇಲೆ ಹನಿಸಿದಳಂತೆ. ಮಧುಕರ್ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದರಂತೆ. ಸ್ವಾಮಿಗಳು ಬಂದಾಗ ಮಗು ಇರಲಿಲ್ಲ. ಎಲ್ಲ ಕೇಳಿ, ಜ್ಞಾನಸ್ನಾನ ಆಗಿದೆ, ಮತ್ತೆ ಕೊಡುವ ಹಾಗಿಲ್ಲ ಎಂದರು.

ಕೂಸು ನರಕಕ್ಕೆ ಹೋಗುತ್ತದೆ, ಹೊಸ್ತಿಲಲ್ಲಿ ನಿಲ್ಲುತ್ತದೆ ಎಂದೆಲ್ಲ ನಾನು ನಂಬುವುದಿಲ್ಲಮ್ಮಾ. ಹಾಗಿದ್ದರೆ ನಸೀಮಾಗೆ ಏಕೆ ಹೂಂ ಎಂದೆ? ನೂರು ಸಲ ಕೇಳಿಕೊಂಡಿದ್ದೇನೆ. ನನ್ನ ಕೈಗೆ ಸಿಗದ ಮಗುವಿಗೆ ನಮ್ಮ ಮನೆಯದೇನಾದರೂ ಒಂದು ಸೋಕಲಿ ಅನಿಸಿತು. ಅಷ್ಟೇ ಇರಬಹುದು. ಕೋಲ್ಮಾದ ಸ್ಮಶಾನದಲ್ಲಿ ಹೂಳಿದೆವು. ಎಳೆಯ ಕೂಸನ್ನು ನಮ್ಮ ಹಿಂದೂಗಳಲ್ಲೂ ಸುಡುವುದಿಲ್ಲ ಎಂದರು ಮಧುಕರ್. ನಸೀಮಾ ದೂರ ನಿಂತಿದ್ದಳು, ಕೊನೆಗೆ ಬಂದು ಒಂದು ಹಿಡಿ ಮಣ್ಣು ಹಾಕಿದಳು.

ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು, "ಮಾತು ನಿಮ್ದು, ನಾ ಬರೇ ಬಾಯಿ ಕೊಟ್ಟೆ. ಅಲ್ಲಾಹ್ ನೋಡ್ಕೋತಾನ. ನಿಮ್ಮ ಅಮ್ಮಾರಿಗೆ ಬೇಕಾದ್ರ ಹೇಳ್ರಿ. ನಮ್ಮ ಅಮ್ಮೀಗೆ ಮಾತ್ರ ಗೊತ್ತಾಗೋದು ಬ್ಯಾಡ." ಅಂದರೆ ಅವಳಿಗೂ ಭಯವಿದೆ. ಆ ಭಯವಿಟ್ಟುಕೊಂಡೇ ಮಾಡಿದಳು, ಮಾಡುವ ಮೊದಲು ನನ್ನನ್ನು ಕೇಳಿದಳು. ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ಆದರೆ ಬರೆಯದೆ ಇರಲಾರೆ. ನಿನ್ನ ಕೈಯಲ್ಲಿ ಹೋದ ಆ ಕೂಸುಗಳ ತಾಯಂದಿರು ಪಕ್ಕದ ಮಂಚದಲ್ಲೇ ಮಲಗಿರುತ್ತಿದ್ದರಲ್ಲಮ್ಮಾ, ನನ್ನ ಹಾಗೆ. ಕೇಳಿದ್ದರೆ ಒಬ್ಬಳಾದರೂ ಹೂಂ ಎನ್ನುತ್ತಿದ್ದಳೇನೋ. ಬೇಡ ಎಂದಿದ್ದರೂ ಅದು ಅವಳ ಮಗು.

ಯಾವ ಸ್ವಾಮಿಗಳೂ ಅಲ್ಲ. ನಸೀಮಾ. ಇದು ನನ್ನ ಉತ್ತರ. ನೀನು ಇದನ್ನು ಒಪ್ಪದಿದ್ದರೆ ನೀನೇ ಕಲಿಸಿದ್ದನ್ನು ಒಪ್ಪದ ಹಾಗೆ.

ಅಣ್ಣ ಅತ್ತಿಗೆಗೆ ನೆನಪು ಹೇಳು. ಮಧುಕರ್ ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ. ನಿನ್ನ ಆಶೀರ್ವಾದ ಕೇಳುವ ಧೈರ್ಯ ಇವತ್ತು ಇಲ್ಲ, ನೀನಾಗೇ ಕೊಟ್ಟರೆ ತಲೆ ಬಗ್ಗಿಸುತ್ತೇನೆ.

ನಿನ್ನ ಮಗಳು,
ಸಿಸಿಲಿ

ಮರೆತೆ: ಮಗುವಿನ ಹೆಸರು ನೀನು ಕೇಳಲೇ ಇಲ್ಲ. ನಾವಿನ್ನೂ ಆರಿಸಿರಲಿಲ್ಲ. ಬಾಗಿಲ ತನಕ ಹೋದ ನಸೀಮಾ ತಿರುಗಿ, "ಹೆಸರೇನಂತ ಅನ್ಲಿ ಅಕ್ಕಾ?" ಎಂದಾಗ ನನ್ನ ಬಾಯಿಗೆ ಬಂದದ್ದು ಒಂದೇ. ಮಗ್ದಲೇನ. ನವೆಂಬರ್ ಎರಡಕ್ಕೆ, ಮೃತರ ಸ್ಮರಣೆಯ ದಿನ, ಅಪ್ಪನ ಸಮಾಧಿಯ ಹತ್ತಿರ ನಮ್ಮ ಮನೆಯ ಸತ್ತವರ ಹೆಸರು ಓದುತ್ತಾರಲ್ಲ, ಅದನ್ನೂ ಓದಿಸು. ನಿನ್ನ ಹೆಸರು ಕೇಳಿ ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ. ತಿರುಗಲಿ, ಮೊಮ್ಮಗಳು ಎಂದು ಹೇಳು. ಅಷ್ಟರೊಳಗೆ ಇದು ಮೈಸೂರು ಮುಟ್ಟಬೇಕು. ನಾಳೆ ಭಾನುವಾರ, ಸೋಮವಾರ ಇಲ್ಲಿ ಸರ್ಕಾರಿ ರಜೆ. ಪೋಸ್ಟ್ ಮಾಡುವುದು ಮಂಗಳವಾರ, ಅಕ್ಟೋಬರ್ ೧೪.